ಬಚ್ಚಲಿನ ಚಿಲಕ

ಟಿಕೋಟಾಕ್ಕೆ ಸೊಸೆಯಾಗಿ ಬಂದ ಮರುದಿನವೇ ನಾನು ದಂಗಾದೆ. ಗಂಡನ ಮನೆಯ ಬಚ್ಚಲಿಗೆ ಬಾಗಿಲಿತ್ತು, ಒಳಗೆ ಚಿಲಕವಿರಲಿಲ್ಲ! ಮೈದುನರು, ಆಳುಗಳು ಓಡಾಡುವ ಮನೆ. ಒಂದು ಕೈಯಲ್ಲಿ ಬಾಗಿಲು ಹಿಡಿದುಕೊಂಡೇ ಮೈ ತೊಳೆಯಬೇಕು. ಇದೆಂಥ ಮನೆತನವೋ ಎಂದು ಬಾಯಿಬಿಟ್ಟೇ ಅಂದೆ. ಅತ್ತೆ ಮೂರು ದಿನ ಮುಖ ತಿರುವಿಕೊಂಡೇ ಓಡಾಡಿದರು.

ಬಬಲೇಶ್ವರದ ತವರಿನಿಂದ ಚಿಲಕ ತರಿಸಿಕೊಂಡೆ. ಆದರೆ ಬಾಗಿಲು ಗಟ್ಟಿ ಜಾಲಿ ಕಟ್ಟಿಗೆಯದು, ಬಡಿದ ಮೊಳೆಯೇ ಸೊಟ್ಟಾಗುತ್ತಿತ್ತು. ಬಿತ್ತಿಗೆಯ ದಿನಗಳು, ಊರ ಬಡಿಗನಿಗೆ ಬೀಜ ಬಿತ್ತುವ ಕೂರಿಗೆಗಳ ಕೆಲಸದಿಂದ ಪುರಸೊತ್ತಿಲ್ಲ. ನನ್ನ ಕಾಟ ತಾಳದೆ ನನ್ನವರು ತೂತು ಕೊರೆಯುವ ಬೈರಿಗೆಯನ್ನೇ ಕೊಳ್ಳಲು ವಿಜಾಪುರಕ್ಕೆ ಹೋದರು. ಗಾಲಿ ತಿರುಗಿಸುವ ವಿಲಾಯಿತಿ ಬೈರಿಗೆ ಆಗ ನಡೆದಿದ್ದ ಮಹಾಯುದ್ಧದ ದೆಸೆಯಿಂದ ಕೈಗೆಟುಕುವಂತಿರಲಿಲ್ಲ. ಗೋಳಗುಮ್ಮಟದ ಹತ್ತಿರದ ಹಳೆ ಸಾಮಾನಿನ ಅಂಗಡಿಯಲ್ಲಿ, ಬಿಲ್ಲಿಗೆ ಕಟ್ಟಿದ ಹುರಿ ಎಳೆದರೆ ತಿರುಗುವ ಬೈರಿಗೆ ಅಗ್ಗಕ್ಕೆ ಸಿಕ್ಕಿತು. ಮೊನೆ ಚೂಪಿತ್ತು, ಹಿಡಿಕೆ ಬಿಗಿಯಿತ್ತು, ಹುರಿ ಮಾತ್ರ ಸವೆದಿತ್ತು.

ಅದು ತೊಗಲಿನ ಹುರಿ. ನಮ್ಮ ಚಪ್ಪಲಿ ಹೊಲಿಯುತ್ತಿದ್ದ, ಊರ ಹೊರಗಿನ ಕೇರಿಯ ಅಜ್ಜ ಬಂದು, ಅಂಗಳದಾಚೆ ಕೂತು ಹೊಸದನ್ನು ಬಿಗಿದ. ಹಲಗೆಯ ತುಂಡೊಂದಕ್ಕೆ ತೂತು ಕೊರೆದು ತೋರಿಸಿದ. ನನಗೋ ಕುಣಿಯುವಷ್ಟು ಖುಷಿ. ಅವನು ಹೋದ ಮೇಲೆ ಅತ್ತೆ, ಅವ ಮುಟ್ಟಿದ್ದು, ತೊಳೆದು ಒಳಗೆ ತಾ ಅಂದರು. ಎಲ್ಲದಕ್ಕೂ ಎದುರಾಡುವ ನಾನು ಅದಕ್ಕೆ ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ. ತಂಬಿಗೆಯಿಂದ ನೀರು ಸುರಿದು ಬಿಸಿಲಿಗಿಟ್ಟೆ.

ಮರುದಿನ ನನ್ನವರು ಬಾಗಿಲಿಗೆ ಬೈರಿಗೆ ಹಚ್ಚಿ ನಾಲ್ಕು ಸಲ ಎಳೆದಿರಬೇಕು, ನೆನೆದು ಬಿಸಿಲಿಗೆ ಒಣಗಿ ಸೆಟೆದುಹೋಗಿದ್ದ ಹುರಿ ಫಟ್ಟನೆ ಹರಿಯಿತು. ಅಜ್ಜನನ್ನು ಕರೆಸಿ, ಎಂಥ ಹುರಿ ಕಟ್ಟಿದೆಯೋ ಎಂದು ಬೈದರು. ಅಜ್ಜ ತುಂಡನ್ನು ಬೆರಳಲ್ಲಿ ಬಗ್ಗಿಸಿ ನೋಡಿ, ನನ್ನ ಕಡೆ ತಿರುಗಿದ.

"ತೊಳದೀರೇನ್ರಿ ಯವ್ವಾ?"

ನಾನು ಕಂಬ ಹಿಡಿದು ನಿಂತೆ.

"ತೊಗಲ ಹದಾ ಮಾಡ್ದಾವ ನಾನಽ, ಹುರಿ ಹೊಸೆದಾವ ನಾನಽ. ಇದರಾಗ ಏನ ತೊಳದ್ರಿ?"

ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಅವನು ಬೈಯಲಿಲ್ಲ. ಎರಡೂ ತುಂಡು ಬಿಚ್ಚಿ, ರುಮಾಲಿನ ಚುಂಗಿನಲ್ಲಿ ಕಟ್ಟಿಕೊಂಡು ಹೊರಟ. ಮತ್ತೆ ಎಷ್ಟು ಹೇಳಿಕಳಿಸಿದರೂ ಬರಲಿಲ್ಲ.

ನನ್ನವರು ನೂಲಿನ ಹಗ್ಗ ಕಟ್ಟಿ ನೋಡಿದರು, ಜಾರಿತು. ಬೈರಿಗೆ ಮೂಲೆ ಸೇರಿತು. ಆ ಮಳೆಗಾಲವೆಲ್ಲ ನಾನು ಒಂದು ಕೈಯಲ್ಲಿ ಬಾಗಿಲು ಹಿಡಿದು, ಇನ್ನೊಂದು ಕೈಯಿಂದ ಅದೇ ತಂಬಿಗೆಯಲ್ಲಿ ಮೈಮೇಲೆ ನೀರು ಸುರಿದುಕೊಂಡೆ.