ಒಡತಿಗೆ ರಜೆಯಿಲ್ಲ

ಬೆಳಕು ಹರಿಯುವ ಮುಂಚೆ ನೀರು ಹಿಡಿಯಬೇಕು. ಅತ್ತೆಯ ಹಾಸಿಗೆ ಒದ್ದೆಯಾಗಿದೆಯೇ ಎಂದು ಮುಟ್ಟಿ ನೋಡಿ ಬದಲಿಸಬೇಕು. ಗಂಡನ ಡಬ್ಬಿ, ಮಗಳ ಡಬ್ಬಿ, ಉಳಿದದ್ದರಲ್ಲಿ ತನ್ನ ಡಬ್ಬಿ ಕಟ್ಟಬೇಕು. ಮಗಳ ಜಡೆ ಹೆಣೆಯಬೇಕು. ಗಂಡನ ಶರ್ಟಿಗೆ ಇಸ್ತ್ರಿ ಎಳೆದು, ಶರ್ಟಿನ ಒಡೆಯನನ್ನು ಮೂರು ಸಲ ಎಬ್ಬಿಸಬೇಕು. ಮೂರನೆಯ ಸಲಕ್ಕೆ ಅವನು, "ಈ ಮನೇಲಿ ಮನುಷ್ಯನಿಗೆ ನಿದ್ದೆ ಮಾಡೋಕೂ ಸ್ವಾತಂತ್ರ್ಯ ಇಲ್ಲ" ಎಂದು ಗೊಣಗಿ ಮಗ್ಗುಲಾಗುತ್ತಾನೆ. ಇಷ್ಟಕ್ಕೆಲ್ಲ ಅವಳಿಗೆ ಸಿಕ್ಕಿದ್ದು ಒಂದು ಬಿರುದು: ಮನೆಯೊಡತಿ. ಬಿರುದು ಕೊಟ್ಟರೆ ಬೇರೇನೂ ಕೊಡಬೇಕಾಗಿಲ್ಲ ಎಂಬುದು ಗಂಡಸರಿಗೆ ಯಾವ ಕಾಲದಿಂದಲೋ ಗೊತ್ತು.

ಅದು ಲಾಂಡ್ರಿಯವರಿಗೆ ಗೊತ್ತಾದದ್ದು ಮಾತ್ರ ಹೋದ ವರ್ಷ.

ಆಸ್ಪತ್ರೆ, ಹೋಟೆಲುಗಳ ಹಾಸಿಗೆ ಬಟ್ಟೆ ಒಗೆಯುವ ಆ ಲಾಂಡ್ರಿಯಲ್ಲಿ ಅವಳು ಹನ್ನೊಂದು ವರ್ಷದಿಂದ ಆವಿ ಪ್ರೆಸ್ಸಿನ ಮುಂದೆ ನಿಂತವಳು. ಎಲ್ಲರೂ ದೊಡ್ಡಕ್ಕ ಅನ್ನುತ್ತಿದ್ದರು. ಮೇಸ್ತ್ರಿಗೆ ಹೆಂಗಸರು ಇಟ್ಟ ಹೆಸರು ಗಂಜಿಮೀಸೆ. ಮೀಸೆಗೂ ಗಂಜಿ ಹಾಕಿ ನಿಲ್ಲಿಸಿದ್ದಾನೇನೋ ಅನ್ನುವಂತಿತ್ತು. ಒಂದು ದಿನ ಅವನು ಹದಿನಾಲ್ಕು ಹೆಂಗಸರನ್ನೂ ಸಾಲಾಗಿ ನಿಲ್ಲಿಸಿ ಕಾಗದ ಹಂಚಿದ.

"ಇವತ್ತಿಂದ ನೀವು ಕೆಲಸದವರಲ್ಲಮ್ಮಾ. ಸ್ವತಂತ್ರ ಗುತ್ತಿಗೆದಾರರು. ನಿಮಗೆ ನೀವೇ ಮಾಲೀಕರು!"

"ಹಾಗಾದ್ರೆ ನಾಳೆ ಹತ್ತು ಗಂಟೆಗೆ ಬರ್ಲಾ, ಮಾಲೀಕ್ರೇ?" ಎಂದಳು ಬಟ್ಟೆ ಮಡಿಸುವ ಕೆಲಸದವಳು.

"ಆರಕ್ಕೆ ಬರ್ಬೇಕು. ಆರೂ ಐದಾದ್ರೆ ನೋಟಿಸು."

ಅದೇ ಪ್ರೆಸ್ಸು, ಅದೇ ಏಪ್ರನ್ನು, ಅದೇ ಗಂಜಿಮೀಸೆ. ಬದಲಾದದ್ದು ಎರಡೇ. ಮೊದಲು ಸಂಬಳದಲ್ಲಿ ತೆರಿಗೆ ಹಿಡಿದು ಲಾಂಡ್ರಿಯವರೇ ಕಟ್ಟುತ್ತಿದ್ದರು, ವಿಮೆಗೆ ತಮ್ಮ ಪಾಲನ್ನೂ ಹಾಕುತ್ತಿದ್ದರು. ಈಗ ತೆರಿಗೆಯ ಲೆಕ್ಕ ಅವಳೇ ಬರೆದು ಅವಳೇ ಕಟ್ಟಬೇಕು; ವಿಮೆ ಬೇಕಿದ್ದರೆ ಅವಳೇ ಕೊಳ್ಳಬೇಕು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ. ಗಂಡನಿಗಂತೂ ಹಿಗ್ಗೋ ಹಿಗ್ಗು. "ನಮ್ಮವಳು ಬಿಸಿನೆಸ್ ಮಾಡ್ತಾಳೆ" ಎಂದು ಕಟಿಂಗ್ ಶಾಪಿನಲ್ಲಿ ಹೇಳಿಕೊಂಡು ಬಂದ. ವಿಮೆ ಕೊಂಡೆಯಾ ಎಂದು ಒಂದು ದಿನವೂ ಕೇಳಲಿಲ್ಲ.

ಮೊನ್ನೆ ಪ್ರೆಸ್ಸಿನ ಮುಚ್ಚಳ ಅವಳ ಬಲಗೈ ಮೇಲೆ ಬಿತ್ತು. ಕೈ ಒಳಗಿದ್ದರೆ ಮುಚ್ಚಳ ಬೀಳದಂತೆ ತಡೆಯುವ ಕಂಬಿಯೊಂದು ಅದಕ್ಕಿತ್ತು. ಕೆಲಸ ನಿಧಾನವಾಗುತ್ತದೆಂದು ಗಂಜಿಮೀಸೆಯೇ ಬಿಚ್ಚಿಸಿದ್ದ. ಅಂಗೈ ಬೆಂದು ಎರಡು ಬೆರಳು ಒಳಕ್ಕೆ ಮಡಿಚಿ ಸೆಟೆದುಕೊಂಡವು. ತಿಂಗಳೊಳಗೆ ಆಪರೇಷನ್ ಆಗದಿದ್ದರೆ ಬೆರಳು ಹಾಗೇ ಉಳಿಯುತ್ತವೆ ಎಂದರು ಡಾಕ್ಟರು. ಕೆಲಸದವಳಾಗಿದ್ದರೆ ವಿಮೆಯವರು ಮಾಡಿಸುತ್ತಿದ್ದರು. ಇವಳು ಮಾಲೀಕಳು.

ಮರುದಿನ ಸಂಜೆ ಗಂಜಿಮೀಸೆ ಮನೆಗೇ ಬಂದ. ಬರಿಗೈಯಲ್ಲಿ ಅಲ್ಲ, ಇನ್ನೊಂದು ಕಾಗದ ಹಿಡಿದುಕೊಂಡು. ನನ್ನದೇ ಅಜಾಗರೂಕತೆಯಿಂದ ಗಾಯವಾಯಿತು, ಲಾಂಡ್ರಿಗೂ ನನಗೂ ಸಂಬಂಧವಿಲ್ಲ ಎಂದಿತ್ತು ಅದರಲ್ಲಿ.

"ಸೈನ್ ಹಾಕಿದ್ರೆ ಸೋಮವಾರದಿಂದ ಮಡಿಸೋ ಕೆಲಸ ಕೊಡ್ತೀನಿ. ಇಲ್ಲಾಂದ್ರೆ ನನ್ನ ಕೈಲಿ ಏನೂ ಇಲ್ಲಮ್ಮ."

"ನನ್ನ ಕೈಲೂ ಏನೂ ಇಲ್ಲ, ನೋಡಿ" ಎಂದು ಅವಳು ಬ್ಯಾಂಡೇಜು ಎತ್ತಿ ತೋರಿಸಿದಳು.

ಅವನು ಕಾಗದ ಇಟ್ಟು ಹೋದ ಮೇಲೆ ಗಂಡ ಶುರುಮಾಡಿದ. "ದೊಡ್ಡವರ ಹತ್ರ ಜಗಳ ಯಾಕೆ? ಹಾಕಿಬಿಡು. ಬೆರಳು ತಾನೇ? ಇನ್ನೂ ಎಂಟಿವೆ."

"ನಿಮಗೆ ಹತ್ತಿವೆಯಲ್ಲ, ಒಂದು ದಿನ ಪಾತ್ರೆ ತೊಳೀರಿ ನೋಡೋಣ."

ಮಂಚದಿಂದ ಅತ್ತೆ ಮುಲುಗಿದಳು. "ಅಯ್ಯೋ, ಗಂಡಸಿನ ಕೈಲಿ ಪಾತ್ರೆ ತೊಳೆಸ್ತಾಳೆ! ಮೊದಲು ನನ್ನ ಹಾಸಿಗೆ ಬದಲಾಯಿಸೇ."

ಎಡಗೈಯಲ್ಲೇ ಹಾಸಿಗೆ ಬದಲಿಸಿ ಅಡುಗೆಮನೆಗೆ ಹೋದಳು. ಡಬ್ಬಿ ಎಳೆಯುವಾಗ ಅದರಡಿಯ ಕಾಗದವೂ ಬಂತು. ಕಪಾಟಿಗೆ ಹಾಸಲು ಅವಳು ಹಳೆಯ ಕಾಗದವನ್ನೇ ಬಳಸುತ್ತಿದ್ದಳು. ಲಾಂಡ್ರಿಯ ನೋಟಿಸುಗಳು ದಪ್ಪಗಿದ್ದು ಎಣ್ಣೆ ಚೆನ್ನಾಗಿ ಹೀರುತ್ತಿದ್ದವು. ತಿರುಗಿಸಿ ಓದಿದಳು. 'ಐದು ನಿಮಿಷ ತಡ. ಎಚ್ಚರಿಕೆ.' ಪಕ್ಕದ ಡಬ್ಬಿ ಎತ್ತಿದಳು. 'ಮಗಳ ಜ್ವರಕ್ಕೆ ರಜೆ ಕೇಳಿದ್ದು ತಿರಸ್ಕೃತ.' ಒಟ್ಟು ಒಂಬತ್ತು. ಎಲ್ಲದರಲ್ಲೂ ಈ ವರ್ಷದ ತಾರೀಖು, ಗಂಜಿಮೀಸೆಯ ಸಹಿ, ಲಾಂಡ್ರಿಯ ಮೊಹರು. ಅಧಿಕಾರ ಚಲಾಯಿಸುವ ಚಪಲಕ್ಕೆ ಆ ಬುದ್ಧಿವಂತ ತನ್ನ ಸುಳ್ಳಿಗೆ ತಾನೇ ಒಂಬತ್ತು ಸಲ ಮೊಹರು ಒತ್ತಿದ್ದ. ಸಂಬಂಧವೇ ಇಲ್ಲದ ಮಾಲೀಕಳಿಗೆ ರಜೆ ಕೊಡುವುದಿಲ್ಲ ಅನ್ನಲು ಇವನ್ಯಾರು?

ಬೆಳಗ್ಗೆ ಗಂಡನನ್ನು ಅವಳು ಎಬ್ಬಿಸಲಿಲ್ಲ; ಒಂಬತ್ತು ನೋಟಿಸಿನ ಜೊತೆ ಗಂಜಿಮೀಸೆ ಇಟ್ಟುಹೋದ ಕಾಗದವನ್ನೂ ಹಿಡಿದು ಹೊರಟಳು. ಕಾರ್ಮಿಕ ಕಚೇರಿಯ ಕೌಂಟರಿನ ಹೆಂಗಸು ಒಂಬತ್ತು ಕಾಗದವನ್ನೂ ಓದಿ, ಎಣ್ಣೆಯಾದ ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

"ಗಟ್ಟಿ ಸಾಕ್ಷಿ ಅಕ್ಕಾ. ಆದ್ರೂ ಗೆದ್ದೇ ಗೆಲ್ತೀರಿ ಅಂತ ನಾನು ಹೇಳಲ್ಲ. ಅರ್ಜಿ ಕೊಟ್ರೆ ನಾಳೆನೇ ಲಾಂಡ್ರಿಗೆ ಗೊತ್ತಾಗುತ್ತೆ. ಮತ್ತೆ ಒಳಗೆ ಸೇರಿಸೋದು ಅನುಮಾನ. ಆ ಇನ್ನೊಂದಕ್ಕೆ ಸೈನ್ ಹಾಕಿದ್ರೋ, ಇಲ್ಲಿಗೆ ಬಂದು ಪ್ರಯೋಜನ ಇಲ್ಲ. ಮನೇಲಿ ಒಂದು ಮಾತು ಕೇಳ್ಕೊಂಡು ಬರ್ತೀರಾ?"

"ಮನೇಲಿ ಕೇಳಿಸ್ಕೊಂಡೇ ಬಂದಿದ್ದೀನಿ."

ಹೆಂಗಸು ನಕ್ಕು, ಅರ್ಜಿ ಮುಂದಿಟ್ಟು, ಟೀ ಕುಡಿಯಲು ಎದ್ದುಹೋದಳು. ಬೆಂಚಿನಲ್ಲಿ ಬೇರೆ ಯಾರೂ ಇರಲಿಲ್ಲ. ಅರ್ಜಿಯ ಮೂರನೆಯ ಸಾಲಿನಲ್ಲಿ 'ಕೆಲಸ ಕೊಟ್ಟವರ ಹೆಸರು' ಎಂದಿತ್ತು, ಮುಂದೆ ಖಾಲಿ ಜಾಗ. ಅವಳು ಪೆನ್ನನ್ನು ಎಡಗೈಗೆ ತೆಗೆದುಕೊಂಡು, ಲಾಂಡ್ರಿಯ ಹೆಸರನ್ನು ಒಂದೊಂದೇ ಅಕ್ಷರವಾಗಿ, ಸೊಟ್ಟಗೆ, ಗೆರೆ ದಾಟಿಹೋಗುವಷ್ಟು ದೊಡ್ಡದಾಗಿ ಬರೆದಳು.