ಹೊಳಿಯಮ್ಮನಿಗಿಂತ ಮುಂಚೆ ಬಂದವಳು

ಹೊಳಿಯಮ್ಮನಿಗೆ ಓದು ಬರಹ ಬರುವುದಿಲ್ಲ, ಆದರೆ ಒಮ್ಮೆ ನಿಂತ ಹೊಸ್ತಿಲನ್ನು ಅವಳು ಮರೆತವಳಲ್ಲ. ಹುಲಿಗಿಯಿಂದ ಹಿಡಿದು ಅಳವಂಡಿ, ಕುಕನೂರು, ಯಲಬುರ್ಗಾದ ತನಕ ಯಾವ ಮನೆಯ ನಾಯಿ ಕಚ್ಚುತ್ತದೆ, ಯಾವ ಮನೆಯ ಸೊಸೆ ಅತ್ತೆಯ ಕಣ್ಣು ತಪ್ಪಿಸಿ ಒಂದು ಹಿಡಿ ಜೋಳ ಹೆಚ್ಚಿಗೆ ಹಾಕುತ್ತಾಳೆ, ಎಲ್ಲ ಅವಳಿಗೆ ಬಾಯಿಪಾಠ. ಮೂವತ್ತು ವರ್ಷ ಮಂಗಳವಾರ, ಶುಕ್ರವಾರ ಎನ್ನುತ್ತ ತಲೆಯ ಮೇಲೆ ಹುಲಿಗೆಮ್ಮನನ್ನು ಹೊತ್ತು ತಿರುಗಿದ ಕಾಲು ಅವು. ಇಂಥವಳಿಗೆ ಯಾರಾದರೂ 'ನೀ ಮುಂಜಾನೆಯೇ ಬಂದು ಹೋದೆಯಲ್ಲ' ಎಂದರೆ ನಂಬುತ್ತಾಳೆಯೆ? ಮೊದಲ ಸಲ ನಂಬಲಿಲ್ಲ.

ಆ ಮಾತಿಗೆ ಬರುವ ಮುಂಚೆ ಅವಳು ಯಾರು ಅಂತ ಹೇಳಿಬಿಡಬೇಕು. ಕುಕನೂರಿನ ಆಚೆಯ ಒಂದು ಹಳ್ಳಿಯಲ್ಲಿ ವಿರುಪಣ್ಣನೆಂಬ ಒಕ್ಕಲಿಗನ ಮಗನಾಗಿ, ಯಮನೂರ ಎಂಬ ಹೆಸರಿನಲ್ಲಿ ಅವಳು ಹುಟ್ಟಿದ್ದು. ಅಕ್ಕನ ಲಂಗ ಉಟ್ಟುಕೊಂಡಿದ್ದಕ್ಕೆ ವಿರುಪಣ್ಣ ಬಾರುಕೋಲಿನಿಂದ ಬಾರಿಸಿದ್ದ. ಹದಿನಾಲ್ಕನೆಯ ವಯಸ್ಸಿಗೆ ತಲೆಗೂದಲು ಗಂಟುಗಟ್ಟಿ ಜಡೆಯಾಯಿತು, ಊರವರು ಇದು ದೇವಿಯ ಕರೆ ಅಂದರು, ಹುಲಿಗಿಗೆ ಕರೆದೊಯ್ದು ಸೀರೆ ಉಡಿಸಿ, ಕೊರಳಿಗೆ ಮುತ್ತು ಕಟ್ಟಿ ಜೋಗಮ್ಮನನ್ನಾಗಿ ಮಾಡಿದರು. ಮುತ್ತು ಕಟ್ಟಬಾರದು ಎನ್ನುವ ಯಾವ ಕಾಯಿದೆಯೂ ಆಗ ಆ ಗುಡಿಯ ಅಂಗಳಕ್ಕೆ ಬಂದು ಕೇಳಲಿಲ್ಲ. ಅವತ್ತಿನಿಂದ, ಬಾರುಕೋಲು ಹಿಡಿದಿದ್ದ ಅದೇ ಅಪ್ಪ ಅವಳ ಕಾಲಿಗೆ ಬಿದ್ದು 'ಯವ್ವಾ' ಅನ್ನತೊಡಗಿದ. ಅನ್ನುವುದೇನೋ ಅಂದ, ಸಾಯುವ ತನಕ ಒಂದು ದಿನವೂ ಮುಖ ನೋಡಿ ಮಾತಾಡಲಿಲ್ಲ. ಅವನ ಮಾತೆಲ್ಲ ಅವಳ ತಲೆಯ ಮೇಲಿದ್ದ ದೇವಿಯ ಜೊತೆಗೆ.

ಬಾಗಿಲುಗಳೂ ಹಾಗೆಯೇ. ಜೋಗಮ್ಮ ತಲೆಯ ಮೇಲೆ ಹೊರುವ ಬಿದಿರಿನ ಬುಟ್ಟಿಗೆ ಪಡಲಿಗೆ ಅನ್ನುತ್ತಾರೆ, ಅದರೊಳಗೆ ದೇವಿಯ ಹಿತ್ತಾಳೆ ಮುಖ ಇರುತ್ತದೆ. 'ಉಧೋ' ಎಂಬ ಕೂಗು ಕೇಳಿದರೆ ಎಂಥ ಜಿಪುಣರ ಬಾಗಿಲೂ ತೆರೆಯುತ್ತದೆ. ತೆರೆಯುವುದು ಬುಟ್ಟಿಗೆ, ಹೊತ್ತವಳಿಗಲ್ಲ. ಕಾಳು ಹಾಕಿ ಭಂಡಾರ ಹಚ್ಚಿಸಿಕೊಂಡ ಮೇಲೆ ಹೊತ್ತವಳನ್ನು ಒಳಗೆ ಬಾ ಅಂದವರು ಮೂವತ್ತು ವರ್ಷದಲ್ಲಿ ಒಬ್ಬರೂ ಇರಲಿಲ್ಲ. ಹೊಳಿಯಮ್ಮ ಇದನ್ನು ನಗುತ್ತಲೇ ಹೇಳುತ್ತಿದ್ದಳು, ಆದರೆ ಪದೇ ಪದೇ ಹೇಳುತ್ತಿದ್ದಳು.

ಕೊಪ್ಪಳದಲ್ಲಿ ಒಂದು ಸಣ್ಣ ಸಂಘ. ಜೋಗಮ್ಮಂದಿರು, ಗಂಡಾಗಿ ಹುಟ್ಟಿ ಹೆಣ್ಣಾದವರು, ಹೆಣ್ಣನ್ನು ಮೆಚ್ಚಿದ ಹೆಣ್ಣು, ಗಂಡನ್ನು ಮೆಚ್ಚಿದ ಗಂಡು, ಎಲ್ಲರಿಗೂ ಅದೇ ಒಂದು ಕೋಣೆ. ಕೋಣೆ ನಡೆಸುವವಳು ನಾಹೀದಾ. ಬ್ಯಾಂಡೇಜು ಕಟ್ಟುವುದರಿಂದ ಹಿಡಿದು ಅರ್ಜಿ ಬರೆಯುವ ತನಕ ಎಲ್ಲ ಅವಳೇ. ಆ ವರ್ಷ ಚುನಾವಣೆ ಸಭೆಯಲ್ಲಿ ಒಬ್ಬ ಮೈಕಿನ ಮುಂದೆ ನಿಂತು, ಇಂಥವರು ನಮ್ಮ ಕಡೆ ಇಲ್ಲವೇ ಇಲ್ಲ, ಇದ್ದರೆ ಇರಬಾರದು ಅಂದ. ಜನ ಚಪ್ಪಾಳೆ ತಟ್ಟಿದರು. ನಾಹೀದಾಳ ಕಿವಿಯಿಂದ ಆ ಚಪ್ಪಾಳೆ ಹೋಗಲಿಲ್ಲ.

"ಇಲ್ಲ ಅಂದವ್ರಿಗೆ ಇದ್ದೀವಿ ಅಂತ ತೋರಸಬೇಕಾದ್ರ ಹೆಸರ ಬೇಕ್ರಿ ಹೊಳಿಯವ್ವ," ಅಂದಳು. "ಸರಕಾರಕ್ಕ ಪಟ್ಟಿ ಕೊಟ್ರ ಗುರುತಿನ ಕಾರ್ಡ್ ಬರ್ತೈತಿ, ದವಾಖಾನಿಯೊಳಗ ಒಂದು ಹಾಸಿಗಿ ಸಿಗ್ತೈತಿ. ಆದ್ರ ನಾ ಬಾಗಲಾ ಬಡದ್ರ ಯಾರೂ ಬಾಯಿ ಬಿಡವಲ್ರು."

"ನನ್ನ ಬುಟ್ಟಿ ಮುಂದ ಬಿಡ್ತಾರ ತಗೋ," ಅಂದಳು ಹೊಳಿಯಮ್ಮ.

ಬಿಟ್ಟರು. ಪಡಲಿಗೆಯ ಮುಂದೆ ನಿಂತು ಸುಳ್ಳು ಹೇಳುವ ಎದೆ ಆ ಸೀಮೆಯಲ್ಲಿ ಯಾರಿಗೂ ಇಲ್ಲ. 'ನಿಮ್ಮ ಮನ್ಯಾಗ ನನ್ನಂಥವ್ರು ಯಾರರೆ ಅದಾರೇನು?' ಎಂದು ಕೇಳಿದರೆ ತಾಯಂದಿರು ಸೆರಗು ಬಾಯಿಗಿಟ್ಟು ಮಗನ ಹೆಸರು, ಮಗಳ ಹೆಸರು ಹೇಳಿದರು. ವಾರಕ್ಕೊಮ್ಮೆ ಹೊಳಿಯಮ್ಮ ಒಪ್ಪಿಸಿದ್ದನ್ನೆಲ್ಲ ನಾಹೀದಾ ಒಂದು ನೋಟುಬುಕ್ಕಿನಲ್ಲಿ ಬರೆದಳು. ಇಪ್ಪತ್ತಾರು ಹೆಸರು. ಸಂಸ್ಕೃತಿ ಉಳಿಸುತ್ತೇವೆ ಅನ್ನುವ ಹುಡುಗರ ಸಮಿತಿಯೊಂದು ಸಂಘದ ಕೋಣೆಯ ಸುತ್ತ ಸುಳಿದಾಡತೊಡಗಿದ ಮೇಲೆ ಬುಕ್ಕು ಪಡಲಿಗೆಯೊಳಗೆ, ದೇವಿಯ ಮುಖದ ಕೆಳಗೆ ಬಂತು. ಅಲ್ಲಿಗೆ ಯಾರೂ ಕೈ ಹಾಕುವುದಿಲ್ಲ. ಹೊಳಿಯಮ್ಮನಿಗೆ ತನ್ನ ಬುದ್ಧಿವಂತಿಕೆಯ ಬಗ್ಗೆ ಭಾರೀ ಜಂಬ. ಆ ಇಪ್ಪತ್ತಾರು ಮಂದಿಯಲ್ಲಿ ಒಬ್ಬರನ್ನೂ ತಾನು ಕೇಳಿಲ್ಲ ಎನ್ನುವುದು ಆಗ ಅವಳ ತಲೆಗೆ ಹೊಳೆಯಲಿಲ್ಲ.

ಏಪ್ರಿಲಿನ ಒಂದು ಮಂಗಳವಾರ, ಮಟಮಟ ಮಧ್ಯಾಹ್ನ, ಅಳವಂಡಿಯ ದುರ್ಗವ್ವನ ಬಾಗಿಲಿಗೆ ಹೋದಳು. ದುರ್ಗವ್ವನ ಮಗಳು ಮಹೇಶ್ವರಿ ಮತ್ತು ಅವಳ ಗೆಳತಿ ಮುಬಾಶಿರಾ ಅದೇ ಮನೆಯ ಮುಂದಿನ ಖೋಲಿಯಲ್ಲಿ ಜಂಪರು ಹೊಲಿಯುತ್ತಾರೆ. ಹೊಲಿಗೆಗೆ ಅಂತ ಇಬ್ಬರೂ ಒಟ್ಟಿಗಿದ್ದಾರೆ ಎಂದು ಊರು ತಿಳಿದಿತ್ತು. ಅಷ್ಟೇ ಅಲ್ಲ ಎಂಬುದು ದುರ್ಗವ್ವನಿಗೆ ಗೊತ್ತಿತ್ತು, ಮೂರು ವಾರದ ಹಿಂದೆ ಪಡಲಿಗೆಯ ಮುಂದೆ ಇಬ್ಬರ ಹೆಸರನ್ನೂ ಹೇಳಿದ್ದಳು.

ಅವತ್ತು ದುರ್ಗವ್ವ ಕಾಳು ತರಲಿಲ್ಲ. ಬಾಗಿಲ ಸಂದಿಯಿಂದ ಕೆಳಗೆ ಹೊಳಿಯಮ್ಮನ ಕಾಲನ್ನು ನೋಡಿದಳು.

"ಮುಂಜಾನಿ ಬಂದಿದ್ದಿಯಲ್ಲ ಯವ್ವಾ."

"ನಾ ಈಗ ಬಸ್ ಇಳದೀನಿ."

"ಬಂದಿದ್ದಿ. ಸೀರಿ ತೊಯ್ದು ತೊಪ್ಪಿ ಆಗಿತ್ತು. ಬುಟ್ಟಿಯೊಳಗ ದೇವಿ ಇರಲಿಲ್ಲ. ಮಕ್ಕಳನ್ನ ಕರಿ, ಅವ್ರನ್ನ ಕೇಳೂದೈತಿ ಅಂದಿ. ಒಳಗ ಬಂದು ತಲಿ ಒರಸ್ಕೋ ಅಂದೆ. ನಾ ಇನ್ನೂ ಬಂದಿಲ್ಲ ಅಂದಿ."

"ಏನಂದೆ?"

"ಎದುರಿಗೆ ನಿಂತು, ನಾ ಇನ್ನೂ ಬಂದಿಲ್ಲ ಅಂದಿ."

ದುರ್ಗವ್ವ ಬೆರಳು ಮಾಡಿ ತೋರಿಸಿದಳು. ಹೊಸ್ತಿಲ ಮುಂದಿನ ಕಡಪಾ ಕಲ್ಲಿನ ಮೇಲೆ ಎರಡು ಒದ್ದೆ ಹೆಜ್ಜೆ ಇದ್ದವು. ಬರಿಗಾಲು ಇಟ್ಟರೆ ಚುರ್ ಅನ್ನುವ ಬಿಸಿಲು, ಮುಂಜಾನೆಯ ನೀರು ಮಧ್ಯಾಹ್ನದ ತನಕ ಆರಿರಲಿಲ್ಲ. ಹೊಳಿಯಮ್ಮ ಅದರ ಪಕ್ಕ ತನ್ನ ಕಾಲಿಟ್ಟು ನೋಡಿದಳು. ಎಡಗಾಲಿನ ಕಿರುಬೆರಳು ಮೊಂಡಾದದ್ದು ಇಲ್ಲೂ ಮೊಂಡು, ಅಲ್ಲೂ ಮೊಂಡು. ಕುಡಿಯಲು ನೀರು ಕೇಳುವ ಧೈರ್ಯವೂ ಆಗದೆ ಬಸ್ ನಿಲ್ದಾಣಕ್ಕೆ ನಡೆದಳು.

ಶುಕ್ರವಾರ ಕುಕನೂರಿನಲ್ಲಿ ಇನ್ನೊಂದು ಮನೆ, ಅದೇ ಮಾತು. ಅಲ್ಲಿಂದ ಯಲಬುರ್ಗಾಕ್ಕೆ ಹೋದಳು. ಅಲ್ಲಿಯ ಮನೆಯ ನಾಯಿ, ಅದರ ತಾಯಿ, ಅಜ್ಜಿ, ಮೂವತ್ತು ವರ್ಷದಲ್ಲಿ ಮೂರು ತಲೆಮಾರೂ ಅವಳನ್ನು ಕಂಡರೆ ಬೊಗಳಿದ್ದವು. ಅವತ್ತು ನಾಯಿ ಮೂತಿ ಮಣ್ಣಿಗೊತ್ತಿ ಮಲಗಿತ್ತು, ಹೊಳಿಯಮ್ಮನನ್ನು ಕಂಡು ನರಳಿತು. ಮನೆಯಾಕೆ ಬಾಗಿಲು ತೆರೆಯಲೇ ಇಲ್ಲ. "ಎಷ್ಟ ಸಲ ಬರ್ತಿಯವ್ವಾ," ಎಂಬ ದನಿ ಮಾತ್ರ ಒಳಗಿನಿಂದ ಬಂತು. ಹೊಸ್ತಿಲ ಮುಂದೆ ಹೆಜ್ಜೆಗಳು ಒದ್ದೆಯಾಗಿದ್ದವು.

ಶನಿವಾರ ಕೊಪ್ಪಳದ ಕೋಣೆಗೆ ಹೋಗಿ ಎಲ್ಲ ಹೇಳಿದಳು. ನಾಹೀದಾ ನಗುತ್ತಾಳೆ ಅಂದುಕೊಂಡಿದ್ದಳು. ಅವಳು ನಗದೆ ಒಂದು ಹಾಳೆ ತೆಗೆದು ಮುಂದಿಟ್ಟಳು. ಹಿಂದಿನ ತಿಂಗಳು ಕುಷ್ಟಗಿಯ ಕಡೆಯ ಇಂಥದೇ ಒಂದು ಸಂಘದವರು ಸರಕಾರಕ್ಕೆ ಒಂಬತ್ತು ಹೆಸರಿನ ಪಟ್ಟಿ ಕೊಟ್ಟಿದ್ದರು. ಎಲ್ಲಿಂದ ಸೋರಿತೋ, ಒಂಬತ್ತೂ ಹೆಸರು ಈ ಹಾಳೆಯಲ್ಲಿ ಅಚ್ಚಾಗಿ ಬಸ್ ನಿಲ್ದಾಣದ ಗೋಡೆಗೆ ಅಂಟಿದ್ದವು. ಮೇಲೆ 'ಇವರನ್ನು ಗುರುತಿಸಿ' ಎಂದಿತ್ತು. ಅದರಲ್ಲಿದ್ದ ಫಾರೂಕ ಎಂಬುವವನು ಖಾನಾವಳಿಯ ಕೆಲಸ ಬಿಟ್ಟು, ಮನೆ ಬಿಟ್ಟು ಹೋಗಿದ್ದ. ಎಲ್ಲಿ ಅಂತ ಈ ತನಕ ಗೊತ್ತಿಲ್ಲ.

"ಹಂಗಾದ್ರ ನಾವು ಕೊಡೂದ ಬ್ಯಾಡ," ಅಂದಳು ಹೊಳಿಯಮ್ಮ.

"ಕೊಡದಿದ್ರ ಇಲ್ಲ ಅಂತ ಬರಕೋತಾರ. ಇಲ್ಲದವ್ರಿಗೆ ಹೊಡದ್ರ ಕೇಸೂ ಇಲ್ರಿ." ನಾಹೀದಾ ಕಣ್ಣೊರೆಸಿಕೊಂಡಳು. "ನನಗೂ ಅಂಜಿಕಿ ಐತಿ. ಪಟ್ಟಿ ಕೊಡಾಕ ಸೋಮವಾರ ಕಡೀ ದಿನ. ಬುಕ್ ತರ್ರಿ."

ಮೆಟ್ಟಿಲಿಳಿದರೆ ಕೆಳಗೆ ಮುಬಾಶಿರಾ ನಿಂತಿದ್ದಳು. ದಾರದ ಉಂಡೆ ಕೊಳ್ಳಲು ಬಂದವಳು, ಕೈಯಲ್ಲಿ ಚೀಲ ಹಾಗೇ ಇತ್ತು.

"ನನ್ನ ಹೆಸರು ನಿಮ್ಮ ಬುಕ್ಕಿನ್ಯಾಗ ಐತ್ಯಂತ."

"ದುರ್ಗವ್ವ ಹೇಳಿದಳವಾ. ದೇವಿ ಮುಂದ—"

"ಅದು ಆಕಿದಲ್ಲ ಕೊಡಾಕ. ನಿಮ್ಮ ದೇವಿದೂ ಅಲ್ಲ. ಗ್ವಾಡಿಗೆ ಹಚ್ಚಿದ್ರ ನಮ್ಮಪ್ಪ ಹೈದರಸಾಬ ಓದ್ತಾನ. ಆಮ್ಯಾಲ ನಾ ಆ ಊರಾಗ ಇರಾಂಗಿಲ್ಲ, ಮಹೇಶ್ವರಿನೂ ಇರಾಂಗಿಲ್ಲ. ನನ್ನ ಒಂದು ಮಾತು ಕೇಳಬಾರ್ದಾಗಿತ್ತೇನು?"

ಹೊಳಿಯಮ್ಮನಿಗೆ ಯಾರೋ ಕಪಾಳಕ್ಕೆ ಬಾರಿಸಿದಂತಾಯಿತು. ಬಾರುಕೋಲು ನೆನಪಾಯಿತು, ಮುತ್ತು ಕಟ್ಟಿದ ದಿನ ನೆನಪಾಯಿತು. ಅವತ್ತು ಹದಿನಾಲ್ಕರ ಯಮನೂರನನ್ನು ನಿನಗೇನು ಬೇಕು ಅಂತ ಯಾರು ಕೇಳಿದ್ದರು? ಎಲ್ಲರೂ ದೇವಿಯನ್ನು ಕೇಳಿದರು. ಈಗ ತಾನೂ ಇಪ್ಪತ್ತಾರು ಮಂದಿಗೆ ಅದನ್ನೇ ಮಾಡಿ ಬಂದಿದ್ದಳು. ಅವಳಿಗೆ ತನ್ನ ಮೇಲೆ ಅಸಹ್ಯ ಹುಟ್ಟಿತು.

ಭಾನುವಾರ ಹುಲಿಗಿಯಲ್ಲಿ, ತನಗೆ ಮುತ್ತು ಕಟ್ಟಿದ ಮುದುಕಿ ಮಾರೆವ್ವನ ಗುಡಿಸಲಿಗೆ ಹೋಗಿ, ದೇವಿಯ ಮುಖವನ್ನು ಬುಟ್ಟಿಯಿಂದ ತೆಗೆದು ಅವಳ ಮಡಿಲಲ್ಲಿಟ್ಟಳು. ಮಾರೆವ್ವನಿಗೆ ಕಣ್ಣಿಲ್ಲ, ಹಿತ್ತಾಳೆಯ ತಂಪಿನಿಂದಲೇ ತಿಳಿಯಿತು.

"ಖಾಲಿ ಬುಟ್ಟಿ ಹೊತ್ತು ಎಲ್ಲಿ ಹೊಂಟಿಯೇ ಹುಚ್ಚಿ?"

"ಹೆಸರು ಕೊಟ್ಟ ಬಾಗಲಕ್ಕ ಮತ್ತ ಹೋಗ್ತೀನಿ. ಈ ಸಲ ದೇವಿ ಕೇಳೂದಿಲ್ಲ, ನಾ ಕೇಳ್ತೀನಿ. ಒಲ್ಲೆ ಅನ್ನಾಕೂ ಬರಬೇಕು ಅವ್ರಿಗೆ."

"ದೇವಿ ಇಲ್ಲದ ನಿನಗ ಯಾರು ಬಾಗಲಾ ತಗೀತಾರ? ಕಲ್ಲು ಒಗೀತಾರ."

ಹೊಳಿಯಮ್ಮ ಬುಟ್ಟಿ ಎತ್ತಿಕೊಂಡು ಹೊರಬಿದ್ದಳು. ಅವಳ ಅಂಜಿಕೆಯೂ ಅದೇ ಆಗಿತ್ತು.

ಹೊಳೆಯ ದಂಡೆಯಲ್ಲಿ ಆ ಹೊತ್ತಿಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಭಾನುವಾರದ ಹುಲಿಗಿ ಹಾಗಿರುವುದನ್ನು ಅವಳು ಕಂಡೇ ಇರಲಿಲ್ಲ. ಸೊಂಟದ ತನಕ ತುಂಗಭದ್ರೆಗಿಳಿದು ಬುಕ್ಕನ್ನು ನೀರಿನಲ್ಲಿ ಅದ್ದಿದಳು, ಹಾಳೆ ಹಾಳೆಯಾಗಿ ಹಿಸುಕಿ ಮುದ್ದೆ ಮಾಡಿ ಬಿಟ್ಟಳು. ನೀಲಿ ಶಾಯಿ ಕೈಗೆಲ್ಲ ಮೆತ್ತಿತು. ಮೂರು ಸಲ ಮುಳುಗಿ ಎದ್ದು ತಿರುಗಿದಳು. ಮೆಟ್ಟಿಲ ಮೇಲೆ ಒದ್ದೆ ಹೆಜ್ಜೆಗಳು ಅವಳಿಗಿಂತ ಮುಂಚೆ ಹತ್ತಿ ಹೋಗಿದ್ದವು, ಎಡಗಾಲಿನ ಕಿರುಬೆರಳು ಮೊಂಡು. ಹೊಳಿಯಮ್ಮ ನೀರಿನಲ್ಲೇ ನಿಂತು ಅವನ್ನು ನೋಡಿದಳು. ಆಮೇಲೆ ಬುಟ್ಟಿ ತಲೆಗೇರಿಸಿ ಅವುಗಳ ಹಿಂದೆ ನಡೆದಳು.

ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ, ಆದರೆ ಅವಳ ಆಧಾರಿನಲ್ಲಿ ಪುರುಷ ಎಂದಿದೆ, ಹಾಗಾಗಿ ಯಾವಾಗಲೂ ತೆಗೆಸುತ್ತಾರೆ. ಅವತ್ತು ಕಂಡಕ್ಟರ್ ಹತ್ತಿರ ಬಂದವನು ಅವಳನ್ನೂ ಸೀಟಿನ ಕೆಳಗೆ ಹರಿಯುತ್ತಿದ್ದ ನೀರನ್ನೂ ನೋಡಿ, ಏನೂ ಕೇಳದೆ ಮುಂದೆ ಹೋದ. ಕೊಪ್ಪಳದಲ್ಲಿ ಬಸ್ಸು ಬದಲಿಸಿದಳು. ಕಿಟಕಿಯಿಂದ ಒಲೆಯ ಉರಿಯಂಥ ಗಾಳಿ ಹೊಡೆಯುತ್ತಿತ್ತು. ಅಳವಂಡಿಯಲ್ಲಿ ಇಳಿದಾಗಲೂ ಸೀರೆಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು.

ಓಣಿ ಖಾಲಿ. ಹೊಲಿಗೆ ಮಶೀನಿನ ಸದ್ದು ಮಾತ್ರ ಕೇಳುತ್ತಿತ್ತು, ಅವಳು ಹೊಸ್ತಿಲಿಗೆ ಬರುತ್ತಲೂ ಅದೂ ನಿಂತಿತು. ಉಧೋ ಅನ್ನಲು ಬಾಯಿ ತೆರೆದಳು, ದೇವಿ ಇಲ್ಲದೆ ಏನಂತ ಕೂಗಬೇಕೋ ತಿಳಿಯಲಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಸಲ ಚಿಲಕ ಬಡಿದಳು.

ದುರ್ಗವ್ವ ಬಾಗಿಲು ತೆಗೆದು ಖಾಲಿ ಬುಟ್ಟಿಯನ್ನು ನೋಡಿದಳು, ಸೀರೆ ನೋಡಿದಳು. "ಅವತ್ತೂ ಹಿಂಗ ಬಂದಿದ್ದಿ," ಅಂದಳು ಸಣ್ಣ ದನಿಯಲ್ಲಿ. "ದೇವಿ ಎಲ್ಲಿ?"

"ದೇವಿ ಬಂದಿಲ್ಲ. ನಾ ಒಬ್ಬಾಕಿನ ಬಂದೀನಿ." ದುರ್ಗವ್ವನ ಹಿಂದೆ ಮಹೇಶ್ವರಿಯ ಕೈ ಹಿಡಿದು ಮುಬಾಶಿರಾ ಬಂದು ನಿಂತಿದ್ದಳು, ಹೊಳಿಯಮ್ಮ ಅವಳಿಗೇ ಹೇಳಿದಳು: "ನಿಮ್ಮ ಹೆಸರು ಹೊಳ್ಯಾಗ ಬಿಟ್ಟೀನಿ. ತಪ್ಪ ನಂದು. ಈಗ ನಿಮ್ಮನ್ನ ಕೇಳಾಕ ಬಂದೀನಿ. ಒಲ್ಲೆ ಅಂದ್ರ ಇಲ್ಲಿಂದನ ಹೋಗ್ತೀನಿ."

ಮುಬಾಶಿರಾ ಹೊಳಿಯಮ್ಮನ ಬೆರಳಿಗೆ ಮೆತ್ತಿದ್ದ ನೀಲಿಯನ್ನು ನೋಡಿದಳು.

"ಇವತ್ತ ಒಲ್ಲೆ," ಅಂದಳು.

"ಆತು," ಎಂದು ಹೊಳಿಯಮ್ಮ ಹೋಗಲು ತಿರುಗಿದಳು.

"ಹೆಸರು ಒಲ್ಲೆ ಅಂದೆ. ಒಳಗ ಬರಬ್ಯಾಡ ಅಂದಿಲ್ಲ. ಬರ್ರಿ, ತಲಿ ಒರಸ್ಕೊಳ್ರಿ."

ಮುಬಾಶಿರಾ ಅವಳ ಮುಖ ನೋಡಿ ಮಾತಾಡುತ್ತಿದ್ದಳು. ಬುಕ್ಕು ಹೊಳೆಗೆ ಬಿಟ್ಟದ್ದಕ್ಕೆ ನಾಹೀದಾ ಆಮೇಲೆ ಎಂಟು ದಿನ ಹೊಳಿಯಮ್ಮನೊಂದಿಗೆ ಮಾತು ಬಿಟ್ಟಳು. ಮಳೆಗಾಲ ಮುಗಿಯುವ ಹೊತ್ತಿಗೆ ಹೊಸ ಬುಕ್ಕಿನಲ್ಲಿ ಹನ್ನೊಂದೇ ಹೆಸರಿದ್ದವು, ಹನ್ನೊಂದೂ ಅವರವರೇ ಕೊಟ್ಟದ್ದು, ಮೊದಲಿನದು ಹೊಳಿಯಮ್ಮನ ಹೆಬ್ಬೆಟ್ಟು. ಅದೆಲ್ಲ ಆಮೇಲಿನ ಮಾತು. ಅವತ್ತು ಅವಳು ಬುಟ್ಟಿಯನ್ನು ಹೊರಗಿಟ್ಟು ಹೊಸ್ತಿಲು ದಾಟಿದಳು.

ಒಳಗೆ ಟವೆಲು ಹಿಡಿದು ಹಿಂತಿರುಗಿ ನೋಡಿದಳು. ಓಣಿಯ ತುದಿಯಿಂದ ಹೊಸ್ತಿಲ ತನಕ ಎರಡು ಜೊತೆ ಒದ್ದೆ ಹೆಜ್ಜೆ, ಒಂದರ ಪಕ್ಕ ಒಂದು ಬಂದಿದ್ದವು. ಒಳಗೆ ಬಂದದ್ದು ಒಂದೇ ಜೊತೆ. ಅವಳು ನೋಡುತ್ತಿದ್ದ ಹಾಗೆಯೇ ಹೊರಗಿನ ಕಲ್ಲು ಬಿಸಿಲಿಗೆ ಆರತೊಡಗಿತು.