ನರ್ಸಮ್ಮನ ಎರಡು ಬಟ್ಟಲು

ನಮ್ಮೂರ ನರ್ಸಮ್ಮನ ಬಲಗೈ ಹೆಬ್ಬೆರಳು ಅಗಲವಾಗಿತ್ತು, ಒರಟಾಗಿತ್ತು, ಸದಾ ಔಷಧಿಯ ವಾಸನೆ ಹೊಡೆಯುತ್ತಿತ್ತು. ಎದುರಿಗೆ ಸಿಕ್ಕ ಹೆಣ್ಣುಮಗಳನ್ನು ಅವರು ಚೆನ್ನಾಗಿದ್ದೀಯಾ ಎಂದು ಕೇಳಿದವರಲ್ಲ. ಆ ಹೆಬ್ಬೆರಳಿನಿಂದ ಕಣ್ಣಿನ ಕೆಳರೆಪ್ಪೆ ಎಳೆದು ನೋಡುತ್ತಿದ್ದರು. ಒಳಗೆ ಕೆಂಪಗಿದ್ದರೆ ಕೆನ್ನೆ ತಟ್ಟಿ ಕಳಿಸುವರು. ಬಿಳಿಚಿಕೊಂಡಿದ್ದರೆ ಮೈಯಲ್ಲಿ ರಕ್ತ ಕಡಿಮೆ ಎಂದರ್ಥ, ಸಂತೆಯಾಗಲಿ ಬಸ್ಸಾಗಲಿ, ಅಲ್ಲೇ ಬೈಗುಳ.

ತೊಂಬತ್ತರ ದಶಕದಲ್ಲಿ ಬಾಗಳಿ ಹತ್ತಿರದ ನಮ್ಮಂಥ ಊರುಗಳಲ್ಲಿ ದಿನದ ಊಟ ಜೋಳದ ರೊಟ್ಟಿ. ಬಿಳಿ ಅನ್ನ ಹಬ್ಬಕ್ಕೆ, ಬೀಗರಿಗೆ, ಬಸುರಿ ಮಗಳಿಗೆ. ಅಕ್ಕ ಚೊಚ್ಚಲ ಹೆರಿಗೆಗೆ ಬಂದಾಗ ಅವ್ವ ಅವಳಿಗೆ ರೊಟ್ಟಿ ಮುಟ್ಟಗೊಡಲಿಲ್ಲ. ಮೂರು ಹೊತ್ತೂ ಬಿಳಿ ಅನ್ನ, ಟೊಮೆಟೊ ಗೊಜ್ಜು. ಗೊಜ್ಜು ಕೆಂಪಗಿದ್ದಷ್ಟೂ ಮೈಗೆ ರಕ್ತ ಎಂದು ಅವ್ವ ನಂಬಿದ್ದಳು. ಪ್ರೀತಿಯಿಂದಲೇ ಮಾಡಿದಳು, ಪಾಪ.

ಅಕ್ಕನ ರೆಪ್ಪೆ ಎಳೆದು ನೋಡಿದರೆ ಒಳಗೆ ಬಿಳಿಚಿಕೊಂಡಿತ್ತು, ಆದರೂ ನರ್ಸಮ್ಮ ಬೈಯಲಿಲ್ಲ. ಅಡುಗೆಮನೆಗೆ ಹೋಗಿ ಒಂದು ಬಟ್ಟಲಲ್ಲಿ ಅನ್ನ, ಇನ್ನೊಂದರಲ್ಲಿ ಗೊಜ್ಜು ತಂದು ಅವ್ವನ ಮುಂದಿಟ್ಟರು.

“ಅನ್ನ ಹೊಟ್ಟಿ ತುಂಬಸ್ತೈತಿ, ದುಡಿಯಾಕ ಶಕ್ತಿ ಕೊಡ್ತೈತಿ. ಗೊಜ್ಜಿನಾಗ ಸಿ ಜೀವಸತ್ವ ಐತಿ, ಅನ್ನದಾಗ ಅದಿಲ್ಲ. ಆದ್ರ ಗೊಜ್ಜಿನಾಗ ನೀರೇ ಭಾಳ, ಕಸುವು ಕಡಿಮಿ. ರಕ್ತಕ್ಕ ಬೇಕಾದ ಕಬ್ಬಿಣ ಎರಡರಾಗೂ ಅಷ್ಟಕ್ಕಷ್ಟೇ.”

“ಇಷ್ಟು ಕೆಂಪಗೈತಲ್ರಿ?” ಎಂದಳು ಅವ್ವ.

“ಕೆಂಪಗಿರೋದೆಲ್ಲಾ ರಕ್ತ ಆಗಂಗಿದ್ರ ನಾನು ಕುಂಕುಮ ತಿನ್ನಸ್ತಿದ್ನಿ, ಯವ್ವಾ. ರೊಟ್ಟಿ, ಬೇಳಿ, ಸೊಪ್ಪು ಕೊಡು. ಜೋಡಿ ಗೊಜ್ಜು ಇರ್ಲಿ, ಸೊಪ್ಪಿನಾಗಿನ ಕಬ್ಬಿಣ ಮೈಗೆ ಹತ್ತತೈತಿ. ನಾ ಕೊಟ್ಟ ಕಬ್ಬಿಣದ ಗುಳಿಗಿ ಮಾತ್ರ ತಪ್ಪಸಬ್ಯಾಡ.”

ಅವ್ವ ತಲೆಯಾಡಿಸಿದಳು. ಅವರು ಹೋದಮೇಲೆ ಮತ್ತೆ ಅನ್ನವನ್ನೇ ಬಡಿಸಿದಳು. ಕಬ್ಬಿಣದ ಗುಳಿಗೆ ನುಂಗಿದರೆ ಕೂಸು ದಪ್ಪಗಾಗಿ ಹೆರಿಗೆ ಕಷ್ಟವಾದೀತೆಂದು ಹೆದರಿ, ಅವನ್ನೆಲ್ಲ ಚಹಾಪುಡಿಯ ಹಳೇ ಡಬ್ಬಿಯೊಳಗೆ ಹಾಕಿಟ್ಟಳು. ನಾನು ನೋಡಿದೆ. ಆಗ ಒಂಬತ್ತನೇ ಕ್ಲಾಸು.

ಒಂದು ದಿನ ನರ್ಸಮ್ಮ ಶಾಲೆಯ ದಾರಿಯಲ್ಲಿ ನನ್ನನ್ನು ನಿಲ್ಲಿಸಿದರು. “ಅಕ್ಕ ಗುಳಿಗಿ ನುಂಗ್ತಾಳೇನವ್ವ?”

“ಹೂಂರಿ.”

ಅವ್ವನಿಗೆ ಬೈಗುಳ ತಪ್ಪಲಿ ಎಂದು ಹೇಳಿದ ಸುಳ್ಳು.

ಅಕ್ಕ ಗಂಡು ಹೆತ್ತಳು. ರಕ್ತ ನಿಲ್ಲಲಿಲ್ಲ. ಮೊದಲೇ ರಕ್ತವಿಲ್ಲದ ಮೈ, ತಡೆಯಲಿಲ್ಲ. ಹರಪನಹಳ್ಳಿ ಆಸ್ಪತ್ರೆಗೆ ಒಯ್ಯುವ ಜೀಪಿನಲ್ಲಿ, ನರ್ಸಮ್ಮನ ತೊಡೆಯ ಮೇಲೆ ತಲೆಯಿಟ್ಟು ಹೋಗಿಬಿಟ್ಟಳು. ಕೂಸು ಉಳಿಯಿತು.

ಮೂರನೇ ದಿನ, ಹನಿ ನೀರೂ ಕುಡಿಯದ ಅವ್ವನಿಗೆ ಚಹಾ ಮಾಡಲು ನರ್ಸಮ್ಮ ನಮ್ಮ ಒಲೆಯ ಮುಂದೆ ಕೂತರು. ಕೈಗೆ ಸಿಕ್ಕಿದ್ದು ಆ ಹಳೇ ಡಬ್ಬಿ. ತುಂಬ ಗುಳಿಗೆ. ಬಾಗಿಲಲ್ಲಿದ್ದ ನನ್ನನ್ನೊಮ್ಮೆ ನೋಡಿದರು. ಮುಚ್ಚಳ ಹಾಕಿ, ಡಬ್ಬಿಯನ್ನು ತಮ್ಮ ಚೀಲಕ್ಕೆ ಸೇರಿಸಿದರು.

ಹೊರಗೆ ಅಕ್ಕನ ಅತ್ತೆ ಕೂಗುತ್ತಿದ್ದಳು. “ನಿನ್ನ ಗುಳಿಗಿ ನುಂಗೇ ನನ್ನ ಸೊಸಿ ಸತ್ಲು!”

ನರ್ಸಮ್ಮ ಹೊರಗೆ ಬಂದರು, ಚೀಲ ಹೆಗಲಲ್ಲೇ ಇತ್ತು. ಡಬ್ಬಿ ತೆಗೆದು ತೋರಿಸಿದ್ದರೆ ಮುಗಿಯುತ್ತಿತ್ತು. ಅವರು ಅಂದದ್ದು ಇಷ್ಟೇ: “ಹೌದ್ರಿ, ನಾನು ಇನ್ನೊಂದೀಟು ನೋಡಬೇಕಿತ್ತು.” ಆಮೇಲೆ ಎಷ್ಟೋ ಮನೆಗಳವರು ಅವರನ್ನು ಒಳಗೆ ಕರೆಯಲಿಲ್ಲ.

ಹತ್ತು ವರ್ಷದ ಮೇಲೆ ನಾನು ಬಸುರಿಯಾದೆ. ರಿಟೈರಾಗಿ ಹರಪನಹಳ್ಳಿಯಲ್ಲಿದ್ದ ನರ್ಸಮ್ಮ ಯಾರಿಂದಲೋ ಕೇಳಿ ಬಸ್ಸು ಹತ್ತಿ ಬಂದರು. ನನ್ನ ರೆಪ್ಪೆ ಎಳೆದು ನೋಡಿದರು.

“ಗುಳಿಗಿ ನುಂಗ್ತಿಯೇನವ್ವ?”

“ಹೂಂರಿ.”

ಅಂಗೈ ಮೇಲೆ ಒಂದು ಗುಳಿಗೆ ಇಟ್ಟರು. “ನನ್ನ ಮುಂದ ನುಂಗು.”

ನುಂಗಿದೆ. ಹೆರಿಗೆಯವರೆಗೂ ವಾರಕ್ಕೊಮ್ಮೆ ಬಂದರು. ಡಬ್ಬಿಯ ಮಾತು ಒಮ್ಮೆಯೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ನನ್ನ ಮಗಳು ಶಾಲೆಗೆ ಸೇರಿದ ವರ್ಷ ಅವರು ತೀರಿಕೊಂಡರು. ಹೆಣ ಎತ್ತುವ ಮೊದಲು ಪಕ್ಕದಲ್ಲಿ ಕೂತು ಆ ಹೆಬ್ಬೆರಳು ಹಿಡಿದುಕೊಂಡೆ, ತಣ್ಣಗಿತ್ತು. ಸುಳ್ಳು ಹೇಳಿದವಳು ನಾನು, ಬೈಸಿಕೊಂಡವರು ಅವರು.